ಧಣಿ ಬದಲಾದಾಗ ದುಡಿದ ವರ್ಷಗಳು ಯಾರ ಲೆಕ್ಕಕ್ಕೆ?

ಕಾಸರಗೋಡು ಜಿಲ್ಲೆಯ ಕನ್ನಡ ಬಲ್ಲ ಕಾರ್ಮಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ನಿಮ್ಮಲ್ಲಿ ಎಪ್ಪತ್ತು ದಾಟಿದವರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಧಣಿ ತನ್ನ ಭೂಮಿಯನ್ನು ಇನ್ನೊಬ್ಬರಿಗೆ ಮಾರಿದರೂ ಮೂಲಗೇಣಿಯ ಒಕ್ಕಲು ಅಲ್ಲಿಯೇ ಉಳಿಯುತ್ತಿದ್ದ. ಗೇಣಿಯನ್ನು ಹೊಸ ಧಣಿಯ ಮನೆಗೆ ಅಳೆಯುತ್ತಿದ್ದ, ಅಷ್ಟೆ. ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ. ಹೊಸಬರು ಬಂದು ಏಳು ಎಂದರೆ ಏಳಬೇಕಾಗಿತ್ತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಯೇ ಇಲ್ಲವಾಯಿತು, ಆ ಕಥೆ ಮುಗಿಯಿತು. ಆದರೆ ಕಂಪನಿ, ಕಾರ್ಖಾನೆ, ಗೋಡಂಬಿ ಶೆಡ್ಡು, ಆಸ್ಪತ್ರೆ, ಹೋಟೆಲು ಕೈಬದಲಾಗುವಾಗ ಅಲ್ಲಿ ದುಡಿಯುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇಂದಿಗೂ ಅದೇ. ನಾನು ಇಲ್ಲಿ ಮೂಲಗೇಣಿಯವನೋ, ಚಾಲಗೇಣಿಯವನೋ?

ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಎರಡರ ನಡುವಿನ ಒಂದು ಉತ್ತರವನ್ನು ಕೊಟ್ಟಿದೆ. ಹೊಸ ಮಾಲೀಕನು ನಿಮ್ಮನ್ನು ಇಟ್ಟುಕೊಳ್ಳಲೇಬೇಕೆಂದು ಅದು ಹೇಳುವುದಿಲ್ಲ. ಆದರೆ ನೀವು ದುಡಿದ ವರ್ಷಗಳು ಒಂದೋ ನಿಮ್ಮ ಜೊತೆಯಲ್ಲಿ ಹೊಸ ಮಾಲೀಕನ ಹಾಜರಿ ಪುಸ್ತಕಕ್ಕೆ ಹೋಗಬೇಕು, ಇಲ್ಲವಾದರೆ ಅವುಗಳ ಬೆಲೆ ಹಳೆಯ ಮಾಲೀಕನಿಂದ ನಿಮ್ಮ ಕೈಗೆ ಬರಬೇಕು. ಈ ಎರಡರ ನಡುವೆ ವರ್ಷಗಳು ಎಲ್ಲಿಯೋ ಕಳೆದುಹೋದವು ಎಂಬ ಮೂರನೆಯ ದಾರಿಗೆ ಕಾನೂನಿನಲ್ಲಿ ಜಾಗವಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ವರ್ಷಗಳು ಕಳೆದುಹೋಗುವುದು ಹೇಗೆಂಬುದನ್ನು ಮೊದಲು ನೋಡೋಣ, ಏಕೆಂದರೆ ನಾನು ಈ ವಿಷಯವನ್ನು ಕಲಿತದ್ದು ಅಲ್ಲಿಂದಲೇ. ಕಾರ್ಮಿಕರ ಅರ್ಜಿಗಳನ್ನು ಬರೆದುಕೊಡುವ ಕೆಲಸದಲ್ಲಿ ನಾನು ತೊಡಗಿಕೊಂಡ ಹೊಸತರಲ್ಲಿ ಒಬ್ಬ ಅಕ್ಕ ಬಂದಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮಾರಾಟವಾಗುವ ಹಿಂದಿನ ವಾರ ಆಫೀಸಿಗೆ ಕರೆದು, 'ಹೊಸ ಕಂಪನಿಗೆ ಹೆಸರು ಸೇರಿಸಲು' ಎಂದು ಹೇಳಿ ಎರಡು ಕಾಗದಗಳಿಗೆ ಸಹಿ ಹಾಕಿಸಿಕೊಂಡರಂತೆ. ಕಾಗದಗಳು ಇಂಗ್ಲಿಷಿನಲ್ಲಿದ್ದವು, ಅಕ್ಕನಿಗೆ ಕನ್ನಡವೂ ತುಳುವೂ ಬಿಟ್ಟು ಬೇರೆ ಓದಲು ಬಾರದು. ಮರುದಿನವೂ ಅದೇ ಶೆಡ್ಡು, ಅದೇ ಬೆಂಚು, ಅದೇ ಮೇಸ್ತ್ರಿ. ಮೂರು ವರ್ಷ ಕಳೆದ ಮೇಲೆ ಹೊಸಬರು ಅವರನ್ನು ಕೆಲಸದಿಂದ ತೆಗೆದರು. ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಲ್ಲುವ ಹಣ, ಕೇಳಿದರೆ, ಅದಕ್ಕೆ ಬೇಕಾದ ಐದು ವರ್ಷ ಆಗಲಿಲ್ಲವಲ್ಲ ಎಂದರು. ಹಳೆಯ ಕಂಪನಿಯವರನ್ನು ಕೇಳಿದಾಗ ಅವರು ಸಹಿಯಿದ್ದ ಕಾಗದದ ಪ್ರತಿಯನ್ನು ತೋರಿಸಿದರು. ಒಂದು ಕಾಗದ ರಾಜೀನಾಮೆ, ಇನ್ನೊಂದು ಎಲ್ಲ ಬಾಕಿಯೂ ಸಂದಿದೆ ಎಂಬ ರಶೀದಿ. ಆ ಪ್ರಕರಣವನ್ನು ನಡೆಸಲು ತುಂಬ ಕಷ್ಟವಾಯಿತು. ಕೊನೆಗೆ ರಾಜಿಯಲ್ಲಿ ಒಂದಷ್ಟು ಹಣ ಬಂತು, ಬರಬೇಕಾದದ್ದರ ಅರ್ಧವೂ ಅಲ್ಲ. ಅಕ್ಕನ ಬಳಿ ಸಂಬಳದ ಚೀಟಿಗಳೂ ಇರಲಿಲ್ಲ, ಕಾರ್ಮಿಕರ ಆರೋಗ್ಯ ವಿಮೆಯ ಇ.ಎಸ್.ಐ. ಕಾರ್ಡ್ ಒಂದು ಉಳಿದಿತ್ತು. ಅದರಲ್ಲಿದ್ದ ಸೇರ್ಪಡೆಯ ತಾರೀಕೇ ನಮಗೆ ಇದ್ದ ಒಂದೇ ಆಧಾರ.

ರಾಜೀನಾಮೆ ಏಕೆ ಇಷ್ಟು ಅಪಾಯಕಾರಿ ಎಂದರೆ, ಕೆಲಸಗಾರನು ಸ್ವಇಚ್ಛೆಯಿಂದ ಬಿಟ್ಟುಹೋದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ, ಅದಕ್ಕೆ ಪರಿಹಾರವಿಲ್ಲ ಎಂದು ಕಾನೂನೇ ಹೇಳುತ್ತದೆ. ರಿಟ್ರೆಂಚ್‌ಮೆಂಟ್ ಎಂಬ ಪದವನ್ನು ನಾನು ಹಾಗೆಯೇ ಬಳಸುತ್ತೇನೆ. ಶಿಸ್ತುಕ್ರಮದ ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ಮಾಲೀಕನು ಕೆಲಸದಿಂದ ತೆಗೆಯುವುದು ಎಂದು ಅದರ ಅರ್ಥ. ಇಲ್ಲಿನ ನೋಟೀಸುಗಳಲ್ಲಿ ಮಲಯಾಳದ 'ಪಿರಿಚ್ಚುವಿಡಲ್' ಎಂಬ ಪದವನ್ನು ನೀವು ನೋಡಿರಬಹುದು. ಮಾರಾಟದ ಹೊತ್ತಿನಲ್ಲಿ ನಿಮ್ಮ ಮುಂದಿಟ್ಟ ಕಾಗದದಲ್ಲಿ ಇರುವುದು 'ತೆಗೆದಿದ್ದೇವೆ' ಎಂದೋ, 'ವರ್ಗಾಯಿಸಿದ್ದೇವೆ' ಎಂದೋ, 'ನಾನೇ ಬಿಡುತ್ತೇನೆ' ಎಂದೋ ಎಂಬುದನ್ನು ಓದಬಲ್ಲ ಒಬ್ಬರಿಂದ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಇನ್ನು ಮಾರಾಟದ ಬಗೆಗಳಿಗೆ ಬರುತ್ತೇನೆ. ಕಂಪನಿ ಮಾರಾಟವಾಯಿತು ಎಂದು ನಾವು ಸಾಮಾನ್ಯವಾಗಿ ಹೇಳುವ ಮಾತಿನಲ್ಲಿ ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದರಲ್ಲಿ ಕಾರ್ಖಾನೆ, ಯಂತ್ರ, ಜಾಗ, ವ್ಯಾಪಾರ ಎಲ್ಲವೂ ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಹೋಗುತ್ತದೆ. ಇನ್ನೊಂದರಲ್ಲಿ ಕಂಪನಿ ಹಾಗೆಯೇ ಇರುತ್ತದೆ, ಅದರ ಷೇರುಗಳು ಮಾತ್ರ ಬೇರೆಯವರ ಕೈಗೆ ಹೋಗುತ್ತವೆ. ನಮ್ಮ ಜಿಲ್ಲೆಯಲ್ಲಿಯೇ ಈ ಎರಡನ್ನೂ ಒಂದೇ ಕಾಂಪೌಂಡಿನೊಳಗೆ ನೋಡಬಹುದು. ಮೊಗ್ರಾಲ್ ಪುತ್ತೂರಿನ ಬೇದ್ರಡ್ಕದಲ್ಲಿ ರೈಲು ಬೋಗಿಗಳಿಗೆ ಆಲ್ಟರ್ನೇಟರ್ ತಯಾರಿಸುವ ಕಾರ್ಖಾನೆ ಮೊದಲು ರಾಜ್ಯ ಸರ್ಕಾರದ ಕೆಲ್ ಕಂಪನಿಯ ಒಂದು ಘಟಕವಾಗಿತ್ತು. 2011ರಲ್ಲಿ ಅದು ಕೇಂದ್ರ ಸರ್ಕಾರದ ಬಿ.ಎಚ್.ಇ.ಎಲ್. ಕಂಪನಿಗೆ ನೂರಕ್ಕೆ 51 ಪಾಲು, ರಾಜ್ಯಕ್ಕೆ 49 ಪಾಲು ಇದ್ದ ಹೊಸ ಜಂಟಿ ಕಂಪನಿಗೆ ಹೋಯಿತು. ಇದು ಮೊದಲನೆಯ ಬಗೆ. ಸಂಬಳ ಕೊಡುವ ಕಂಪನಿಯೇ ಬೇರೆಯಾಯಿತು. 2020ರ ಲಾಕ್‌ಡೌನಿನ ಹೊತ್ತಿಗೆ ಉತ್ಪಾದನೆ ನಿಂತು, ಆಮೇಲೆ ಆ 51 ಪಾಲನ್ನು ರಾಜ್ಯವೇ ತೆಗೆದುಕೊಂಡು, 2022ರ ಏಪ್ರಿಲ್ 1ರಂದು ಕೆಲ್ ಇ.ಎಂ.ಎಲ್. ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಇದು ಎರಡನೆಯ ಬಗೆ. ಷೇರು ಕೈಬದಲಾಯಿತು, ಹೆಸರು ಬದಲಾಯಿತು, ಕಂಪನಿ ಎಂಬ ವ್ಯಕ್ತಿ ಅದೇ ಉಳಿಯಿತು.

ಷೇರು ಮಾತ್ರ ಮಾರಾಟವಾದಾಗ ನಿಮ್ಮ ಕೆಲಸದ ಒಪ್ಪಂದಕ್ಕೆ ಏನೂ ಆಗುವುದಿಲ್ಲ. ನಿಮ್ಮ ಮಾಲೀಕ ಕಂಪನಿಯೇ ಹೊರತು ಅದರ ಷೇರುದಾರನಲ್ಲ. ಆದ್ದರಿಂದ ಹೊಸ ನೇಮಕದ ಪತ್ರವೂ ಬೇಕಾಗಿಲ್ಲ, ರಾಜೀನಾಮೆಯೂ ಬೇಕಾಗಿಲ್ಲ, ಮಾರಾಟದ ಕಾರಣಕ್ಕೆ ಪರಿಹಾರವನ್ನೂ ಕೇಳುವಂತಿಲ್ಲ. ಅಂಥ ಸಂದರ್ಭದಲ್ಲಿ ಯಾರಾದರೂ ನಿಮ್ಮಿಂದ ಹೊಸದಾಗಿ ಅರ್ಜಿ ಬರೆಸಿಕೊಳ್ಳಲು ಬಂದರೆ, ಅದರ ಅಗತ್ಯವೇನೆಂದು ಕೇಳಲೇಬೇಕು. ಮೊದಲನೆಯ ಬಗೆಯಲ್ಲಿ, ಅಂದರೆ ಉದ್ಯಮವೇ ಒಬ್ಬರಿಂದ ಒಬ್ಬರಿಗೆ ಹೋದಾಗ, ನಾನು ಹೇಳಲಿರುವ ಹಕ್ಕು ಹುಟ್ಟುತ್ತದೆ.

ಆ ಹಕ್ಕು ಹುಟ್ಟಿದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಹೆಸರಿನಲ್ಲಿ ಒಂದು ಸಣ್ಣ ರೈಲ್ವೆ ಇತ್ತು. ಮೀರಜ್, ಪಂಢರಾಪುರ, ಕುರ್ಡುವಾಡಿಯ ಮೇಲೆ ಲಾತೂರಿನವರೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿತ್ತು. ಆ ಕಡೆಯ ಕನ್ನಡಿಗರು ವಿಠೋಬನ ಯಾತ್ರೆಗೆ ಹತ್ತುತ್ತಿದ್ದ ರೈಲು ಅದು. ಅದರ ಒಡೆತನ ಬ್ರಿಟನ್ನಿನಲ್ಲಿ ನೋಂದಾಯಿಸಿದ ಖಾಸಗಿ ಕಂಪನಿಯದು. 1954ರ ಜನವರಿ 1ರಂದು ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತು. ಅದಕ್ಕೂ ಮೊದಲು, 1953ರ ನವೆಂಬರಿನಲ್ಲಿ, ಕಂಪನಿಯು ಎಲ್ಲ ಕೆಲಸಗಾರರಿಗೂ ಡಿಸೆಂಬರ್ 31ಕ್ಕೆ ನಿಮ್ಮ ಕೆಲಸ ಮುಗಿಯುತ್ತದೆ ಎಂಬ ನೋಟೀಸು ಕೊಟ್ಟಿತ್ತು. ನಮ್ಮನ್ನು ತೆಗೆದಿದ್ದೀರಿ, ರಿಟ್ರೆಂಚ್‌ಮೆಂಟ್ ಪರಿಹಾರ ಕೊಡಿ ಎಂದು ಕಾರ್ಮಿಕರು ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1956ರ ನವೆಂಬರ್ 27ರಂದು ತೀರ್ಪು ಬಂತು: ರಿಟ್ರೆಂಚ್‌ಮೆಂಟ್ ಎಂದರೆ ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚಾದವರನ್ನು ತೆಗೆಯುವುದು, ಉದ್ಯಮವೇ ಕೈಬದಲಾದಾಗ ಅಥವಾ ನಿಜವಾಗಿ ಮುಚ್ಚಿದಾಗ ಎಲ್ಲರ ಕೆಲಸ ಹೋಗುವುದು ರಿಟ್ರೆಂಚ್‌ಮೆಂಟ್ ಅಲ್ಲ, ಅದಕ್ಕೆ ಪರಿಹಾರವಿಲ್ಲ. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡವನ್ನು ಬಿಟ್ಟು ಕೇರಳಕ್ಕೆ ಸೇರಿ ಆಗ ಇಪ್ಪತ್ತಾರು ದಿನ ಆಗಿತ್ತು. ಒಂದೇ ತಿಂಗಳಲ್ಲಿ ಆದ ಆ ತೀರ್ಪು ಮತ್ತು ನಮ್ಮ ತಾಲೂಕಿನ ಹಸ್ತಾಂತರ, ಈ ಎರಡರ ನೆನಪು ನನಗೆ ಯಾವಾಗಲೂ ಜೊತೆಯಾಗಿಯೇ ಬರುತ್ತದೆ.

ಆ ತೀರ್ಪಿನ ಅರ್ಥವೇನೆಂದು ಯೋಚಿಸಿ. ನೂರು ಮಂದಿಯಲ್ಲಿ ಹತ್ತು ಮಂದಿಯನ್ನು ತೆಗೆದರೆ ಆ ಹತ್ತು ಮಂದಿಗೆ ಪರಿಹಾರವಿದೆ. ನೂರೂ ಮಂದಿಯನ್ನು ತೆಗೆದು ಕಾರ್ಖಾನೆ ಮಾರಿದರೆ ಒಬ್ಬರಿಗೂ ಇಲ್ಲ. ಇದನ್ನು ಹಾಗೆಯೇ ಬಿಡಲು ಸಂಸತ್ತಿಗೂ ಆಗಲಿಲ್ಲ. 1957ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ತಿದ್ದುಪಡಿ ತಂದು, 25ಎಫ್‌ಎಫ್ ಮತ್ತು 25ಎಫ್‌ಎಫ್‌ಎಫ್ ಎಂಬ ಕಲಮುಗಳನ್ನು ಈಗಿನ ರೂಪಕ್ಕೆ ತಂದಿತು. ಮೊದಲನೆಯದು ಉದ್ಯಮ ಕೈಬದಲಾದಾಗ, ಎರಡನೆಯದು ಮುಚ್ಚಿದಾಗ. ಅವು ಜಾರಿಗೆ ಬಂದವೆಂದು ಬರೆದ ತಾರೀಕು 1956ರ ನವೆಂಬರ್ 28, ಅಂದರೆ ತೀರ್ಪಿನ ಮರುದಿನ. ಬಾರ್ಶಿಯ ಕಾರ್ಮಿಕರು ಸೋತರು, ಅವರ ಸೋಲಿನಿಂದ ಉಳಿದ ಎಲ್ಲರಿಗೂ ಈ ಹಕ್ಕು ಬಂತು. ಕಳೆದ ವರ್ಷ, 2025ರ ನವೆಂಬರ್ 21ರಿಂದ, ಹಳೆಯ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ 73ನೆಯ ಕಲಮು ಹಳೆಯ 25ಎಫ್‌ಎಫ್‌ನ ಮಾತುಗಳನ್ನೇ ಬಹುಮಟ್ಟಿಗೆ ಇಟ್ಟುಕೊಂಡಿದೆ, ಆದ್ದರಿಂದ ಹಳೆಯ ತೀರ್ಪುಗಳ ಬೆಳಕು ಈಗಲೂ ಬೇಕು.

ಈ ಕಲಮು ಹೇಳುವುದು ಇಷ್ಟು. ಒಂದು ಉದ್ಯಮದ ಒಡೆತನ ಅಥವಾ ಆಡಳಿತವು ಒಪ್ಪಂದದಿಂದಾಗಲಿ ಕಾನೂನಿನ ಬಲದಿಂದಾಗಲಿ ಹೊಸ ಮಾಲೀಕನಿಗೆ ಹೋದರೆ, ಅದಕ್ಕೆ ಮೊದಲು ಒಂದು ವರ್ಷಕ್ಕೆ ಕಡಿಮೆಯಲ್ಲದ ನಿರಂತರ ಸೇವೆ ಇರುವ ಪ್ರತಿಯೊಬ್ಬ ಕೆಲಸಗಾರನಿಗೂ, ಅವನನ್ನು ರಿಟ್ರೆಂಚ್ ಮಾಡಿದರೆ ಹೇಗೋ ಹಾಗೆ, ನೋಟೀಸೂ ಪರಿಹಾರವೂ ಸಲ್ಲಬೇಕು. ಇದರಿಂದ ಮಾಲೀಕನಿಗೆ ವಿನಾಯಿತಿ ಸಿಗಬೇಕಾದರೆ ಮೂರು ಷರತ್ತುಗಳು ಒಟ್ಟಿಗೆ ಪೂರೈಸಬೇಕು: ಹಸ್ತಾಂತರದಿಂದ ಸೇವೆ ಕಡಿಯಬಾರದು, ಆಮೇಲಿನ ಸಂಬಳ ಮತ್ತು ಷರತ್ತುಗಳು ಹಿಂದಿನದಕ್ಕಿಂತ ಯಾವ ರೀತಿಯಲ್ಲಿಯೂ ಕೀಳಾಗಬಾರದು, ಮುಂದೆ ಎಂದಾದರೂ ತೆಗೆಯಬೇಕಾಗಿ ಬಂದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆಯನ್ನು ಹೊಸ ಮಾಲೀಕನು ಕಾನೂನುಬದ್ಧವಾಗಿ ಹೊತ್ತಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಳೆಯ ಮಾಲೀಕನು ಹಣ ಕೊಡಬೇಕಾಗುತ್ತದೆ.

ಷರತ್ತುಗಳು ಪೂರೈಸಿದ ಹಸ್ತಾಂತರ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಬ್ಯಾಂಕುಗಳೇ ಉದಾಹರಣೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಈ ಬ್ಯಾಂಕುಗಳ ಹೆಸರು ಅಳಿದದ್ದು ನಮಗೆಲ್ಲ ನೋವಿನ ಸಂಗತಿಯೇ. ಆದರೆ ಕಾಯಂ ನೌಕರರ ಸೇವೆ ಮುಂದುವರಿಯುತ್ತದೆ, ಸಂಬಳ ಭತ್ಯೆಗಳು ಹಿಂದಿನದಕ್ಕಿಂತ ಕಡಿಮೆಯಾಗುವುದಿಲ್ಲ ಎಂದು ವಿಲೀನದ ಯೋಜನೆಯಲ್ಲಿಯೇ ಬರೆದಿತ್ತು. ಬರೆದಿತ್ತು ಎಂಬ ಪದವನ್ನು ಗಮನಿಸಿ. ಮಾರುವವನೂ ಕೊಳ್ಳುವವನೂ ಕಾರ್ಮಿಕರ ಮುಂದೆ ನಿಂತು 'ನಿಮಗೇನೂ ತೊಂದರೆಯಾಗದು' ಎಂದು ಹೇಳುವ ಬಾಯಿಮಾತು ಮೂರನೆಯ ಷರತ್ತನ್ನು ಪೂರೈಸುವುದಿಲ್ಲ. ಹಸ್ತಾಂತರದ ಕರಾರಿನ ಆ ಭಾಗದ ಪ್ರತಿಯನ್ನು ಲಿಖಿತವಾಗಿ ಕೇಳಿ. ಮಾರಾಟದ ಬೆಲೆ ನಮಗೆ ಬೇಡ. ನಮ್ಮ ಸೇವೆಯ ಕುರಿತು ಬರೆದ ಸಾಲುಗಳನ್ನು ಕೊಡಿ ಎಂದರೆ ಸಾಕು.

ಈಗ ಒಂದು ಕಷ್ಟದ ಪ್ರಶ್ನೆ. ಮೂರು ಷರತ್ತುಗಳೂ ಪೂರೈಸಿವೆ, ಆದರೂ ನನಗೆ ಆ ಹೊಸ ಮಾಲೀಕನ ಕೈಕೆಳಗೆ ದುಡಿಯಲು ಇಷ್ಟವಿಲ್ಲ ಎನ್ನುವ ಕೆಲಸಗಾರನ ಗತಿ ಏನು? 1940ರಲ್ಲಿ ಇಂಗ್ಲೆಂಡಿನ ಒಬ್ಬ ಕಲ್ಲಿದ್ದಲ ಗಣಿಯ ಕಾರ್ಮಿಕನ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು, ಯಾರಿಗಾಗಿ ದುಡಿಯಬೇಕೆಂದು ಆರಿಸಿಕೊಳ್ಳುವ ಹಕ್ಕೇ ನೌಕರನಿಗೂ ಜೀತದಾಳಿಗೂ ಇರುವ ವ್ಯತ್ಯಾಸ, ಆದ್ದರಿಂದ ಒಪ್ಪಿಗೆಯಿಲ್ಲದೆ ಕೆಲಸದ ಒಪ್ಪಂದವನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಂತಿಲ್ಲ ಎಂಬ ನಿಲುವನ್ನು ತಳೆಯಿತು. ನಮ್ಮಲ್ಲಿ ಕೋಲ್ಕತ್ತದ ಫಿಲಿಪ್ಸ್ ಕಾರ್ಖಾನೆ ಮಾರಾಟವಾದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ತ್ವವನ್ನು ಎತ್ತಿಹಿಡಿಯಿತು: ಕೆಲಸಗಾರರ ಒಪ್ಪಿಗೆಯಿಲ್ಲದೆ ಅವರನ್ನು ಬೇರೆ ಆಡಳಿತದ ಅಡಿಯಲ್ಲಿ ದುಡಿಯುವಂತೆ ಬಲವಂತಪಡಿಸುವಂತಿಲ್ಲ, ಒಪ್ಪದವರಿಗೆ ಕಾನೂನಿನಂತೆ ಪರಿಹಾರ ಸಲ್ಲುತ್ತದೆ. ಆದರೆ ಒಪ್ಪಿಗೆಯನ್ನು ಬಾಯಿಬಿಟ್ಟೇ ಹೇಳಬೇಕೆಂದಿಲ್ಲ. ಹೊಸ ಮಾಲೀಕನಿಂದ ತಿಂಗಳುಗಟ್ಟಲೆ ಸಂಬಳ ಪಡೆದ ಮೇಲೆ, ನಾನು ಒಪ್ಪಿರಲಿಲ್ಲ ಎಂದರೆ ಆ ವಾದ ನಿಲ್ಲುವುದು ಕಷ್ಟ. ಒಪ್ಪದವರು ಹಸ್ತಾಂತರದ ದಿನಕ್ಕೆ ಮೊದಲೇ ಬರೆದು ಕೊಡಬೇಕು.

ಇದಕ್ಕೆ ಎದುರಾದ ಇನ್ನೊಂದು ಮಿತಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆಂಧ್ರದ ಅನಕಾಪಲ್ಲಿಯಲ್ಲಿ ಬೆಳೆಗಾರರ ಸಹಕಾರಿ ಸಂಘವು ಸಕ್ಕರೆ ಕಾರ್ಖಾನೆಯೊಂದನ್ನು ಕೊಂಡಾಗ, ಹಳೆಯ ಕಂಪನಿಯಿಂದ ಪರಿಹಾರ ಸಿಕ್ಕಿದ ಕಾರ್ಮಿಕರು ಹೊಸಬರು ನಮ್ಮನ್ನು ಕೆಲಸಕ್ಕೂ ಸೇರಿಸಿಕೊಳ್ಳಬೇಕೆಂದು ಕೇಳಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಪರಿಹಾರವೂ ಬೇಕು, ಕೆಲಸವೂ ಬೇಕು ಎಂದು ಎರಡನ್ನೂ ಹಕ್ಕಾಗಿ ಕೇಳುವಂತಿಲ್ಲ. ಅಷ್ಟೇ ಅಲ್ಲ, ಸಾಮಾನ್ಯ ರಿಟ್ರೆಂಚ್‌ಮೆಂಟಿನಲ್ಲಿ ಹಣ ಕೊಡದೆ ತೆಗೆದರೆ ಆ ತೆಗೆಯುವಿಕೆಯೇ ಅಸಿಂಧು, ಹಸ್ತಾಂತರದಲ್ಲಿ ಹಾಗಲ್ಲ. ಪರಿಹಾರ ಕೊಟ್ಟಿಲ್ಲವೆಂಬ ಕಾರಣಕ್ಕೆ ಮಾರಾಟ ರದ್ದಾಗುವುದಿಲ್ಲ. ಹಣ ಮಾತ್ರ ಬಾಕಿಯಾಗಿ ಉಳಿಯುತ್ತದೆ, ಅದನ್ನು ವಸೂಲು ಮಾಡಬೇಕು. ಈ ವ್ಯತ್ಯಾಸ ನನಗೆ ನ್ಯಾಯವಾಗಿ ಕಾಣುವುದಿಲ್ಲ. ಮಾರಿದವನು ಹಣ ಕಟ್ಟಿಕೊಂಡು ಊರು ಬಿಟ್ಟ ಮೇಲೆ ಬಾಕಿಯ ಹಕ್ಕು ಇಟ್ಟುಕೊಂಡು ಕಾರ್ಮಿಕನು ಏನು ಮಾಡಬೇಕು? ಹೊಸ ಸಂಹಿತೆ ಬರೆಯುವಾಗಲಾದರೂ ಇದನ್ನು ಸರಿಪಡಿಸಬಹುದಿತ್ತು. ಸರಿಪಡಿಸಿಲ್ಲವಾದ್ದರಿಂದ, ಮಾರಾಟದ ಸುದ್ದಿ ಕಿವಿಗೆ ಬಿದ್ದ ದಿನದಿಂದ ಹಸ್ತಾಂತರದ ದಿನದವರೆಗಿನ ಅವಧಿಯೇ ನಿಮ್ಮ ಕೈಯಲ್ಲಿರುವ ನಿಜವಾದ ಸಮಯ. ಕೊಳ್ಳುವವನಿಗೂ ತಂಟೆಯಿಲ್ಲದ ಕಾರ್ಖಾನೆ ಬೇಕಾಗಿರುವುದರಿಂದ ಆಗ ಬರೆದ ಒಂದು ಪತ್ರಕ್ಕೆ ಸಿಗುವ ಬೆಲೆ ಆಮೇಲೆ ಹತ್ತು ಪತ್ರಕ್ಕೂ ಸಿಗದು.

ಹಣದ ಲೆಕ್ಕವನ್ನು ನೀವೇ ಮಾಡಿಕೊಳ್ಳಲು ಬರಬೇಕು. ಒಬ್ಬರ ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ, ಬೇರೆ ಭತ್ಯೆ ಇಲ್ಲ, ಸೇವೆ 14 ವರ್ಷ 7 ತಿಂಗಳು ಎಂದು ಇಟ್ಟುಕೊಳ್ಳಿ. ಆರು ತಿಂಗಳಿಗೆ ಮೀರಿದ ಭಾಗವು ಪೂರ್ತಿ ವರ್ಷವೆಂದು ಲೆಕ್ಕವಾಗುವುದರಿಂದ ಇದು 15 ವರ್ಷ. ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ, ಅಂದರೆ ಅರ್ಧ ತಿಂಗಳಿನ 7,800. ಹದಿನೈದರಿಂದ ಗುಣಿಸಿದರೆ 1,17,000 ರೂಪಾಯಿ. ಒಂದು ತಿಂಗಳ ನೋಟೀಸು ಕೊಡದಿದ್ದರೆ ಅದರ ಬದಲಿಗೆ 15,600. ಗ್ರಾಚ್ಯುಟಿ ಇದರಿಂದ ಬೇರೆ. ಒಂದನ್ನು ಕೊಟ್ಟೆವು ಎಂದು ಇನ್ನೊಂದನ್ನು ತಪ್ಪಿಸುವಂತಿಲ್ಲ. ಅದರಲ್ಲಿ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು: ವರ್ಷಕ್ಕೆ 9,000, ಹದಿನೈದು ವರ್ಷಕ್ಕೆ 1,35,000. ಎಲ್ಲ ಸೇರಿ 2,67,600 ರೂಪಾಯಿ. ಪಿ.ಎಫ್., ಬಾಕಿ ರಜೆಯ ಸಂಬಳ, ಬೋನಸ್ ಇವೆಲ್ಲ ಇದರ ಹೊರಗೆ. ನಾನು ಮೊದಲು ಹೇಳಿದ ಅಕ್ಕನ ಎರಡು ಸಹಿಗಳಿಗೆ ಎಷ್ಟು ಬೆಲೆಯಿತ್ತೆಂದು ಈ ಲೆಕ್ಕದಿಂದ ನೀವೇ ಊಹಿಸಬಹುದು. ಹೊಸ ಸಂಹಿತೆಗಳಲ್ಲಿ ಸಂಬಳದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಪಾವತಿಯ ಅರ್ಧವನ್ನು ಮೀರಬಾರದೆಂಬ ನಿಯಮ ಬಂದಿದೆ. ಆದ್ದರಿಂದ ಮೂಲ ಸಂಬಳವನ್ನು ತೀರ ಸಣ್ಣದಾಗಿ ತೋರಿಸಿ ಉಳಿದದ್ದನ್ನು ಭತ್ಯೆ ಎಂದು ಬರೆಯುವ ಕಡೆಗಳಲ್ಲಿ ಲೆಕ್ಕವನ್ನು ಇನ್ನೊಮ್ಮೆ ಹಾಕಿಸಬೇಕು.

ಒಂದು ವರ್ಷದ ನಿರಂತರ ಸೇವೆ ಎಂದರೆ 365 ದಿನವೂ ದುಡಿದಿರಬೇಕೆಂದಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಸಾಕು. ಸಂಬಳ ಸಹಿತ ರಜೆ, ಹೆರಿಗೆ ರಜೆ, ಕೆಲಸದಲ್ಲಿ ಆದ ಅಪಘಾತದಿಂದ ಬಾರದ ದಿನಗಳು ಇದರಲ್ಲಿ ಸೇರುತ್ತವೆ. ಮಳೆಗಾಲದಲ್ಲಿ ಕೆಲಸವಿಲ್ಲವೆಂದು ಲೇ-ಆಫ್ ಕೊಟ್ಟ ದಿನಗಳೂ ಸೇರುತ್ತವೆ. ನಿಮ್ಮ ದಿನಗಳ ಲೆಕ್ಕ ನಿಮ್ಮ ಪುಸ್ತಕದಲ್ಲಿಯೂ ಇರಲಿ.

ಸೂಪರ್‌ವೈಸರುಗಳ, ಮ್ಯಾನೇಜರುಗಳ ಸ್ಥಿತಿ ಇಷ್ಟು ಭದ್ರವಲ್ಲ. ಮ್ಯಾನೇಜರು ಈ ಕಾನೂನಿನ ಕಾರ್ಮಿಕ ಅಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿರುವವರು ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ ಮೀರಿದರೆ ಹೊರಗಾಗುತ್ತಿದ್ದರು, ಹೊಸ ಸಂಹಿತೆಯಲ್ಲಿ ಆ ಮಿತಿ 18,000. ಆದರೆ ಹುದ್ದೆಯ ಹೆಸರು ನೋಡಿ ಎದೆಗುಂದಬೇಡಿ. ನ್ಯಾಯಾಲಯಗಳು ನೋಡುವುದು ಮುಖ್ಯವಾಗಿ ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು. ಅಂಗಡಿ, ಆಫೀಸುಗಳ ನೌಕರರಿಗೆ ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 18ನೆಯ ಕಲಮೂ ನೆರವಿಗಿದೆ. ಆರು ತಿಂಗಳ ನಿರಂತರ ಸೇವೆಯಾದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ ಎಂದು ಅದು ಹೇಳುತ್ತದೆ.

ಕೊಂಡ ಮೇಲೆ ಹೊಸಬರು ಜನ ಕಡಿಮೆ ಮಾಡಲು ಹೊರಟರೆ ಅದು ಹಸ್ತಾಂತರದ ವಿಷಯವಲ್ಲ, ನೇರ ರಿಟ್ರೆಂಚ್‌ಮೆಂಟ್. ಆಗ ಹಣ ಕೊಟ್ಟೇ ತೆಗೆಯಬೇಕು, ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ಕ್ರಮವಿದೆ, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಸರ್ಕಾರದ ಪೂರ್ವಾನುಮತಿ ಬೇಕು. ಹಳೆಯ ಕಾಯ್ದೆಯಲ್ಲಿ ಆ ಸಂಖ್ಯೆ 100 ಇತ್ತು. ಅದನ್ನು ಮೂರು ಪಟ್ಟು ಮಾಡಿದ್ದರಿಂದ ನಮ್ಮ ಜಿಲ್ಲೆಯಂಥ ಸಣ್ಣ ಕಾರ್ಖಾನೆಗಳ ಊರಿನಲ್ಲಿ ಈ ರಕ್ಷಣೆ ಬಹಳ ಕಡಿಮೆ ಜನರಿಗೆ ಉಳಿಯಿತು. ಕೊನೆಗೆ ಬಂದವರು ಮೊದಲು ಎಂಬ ಕ್ರಮದಲ್ಲಿ ಹಳೆಯ ವರ್ಷಗಳ ಬೆಲೆ ಮತ್ತೆ ಕಾಣುತ್ತದೆ. ಹಸ್ತಾಂತರದ ದಿನ ನಿಮ್ಮನ್ನು ಹೊಸ ನೇಮಕವೆಂದು ಬರೆದಿದ್ದರೆ, ಇಪ್ಪತ್ತು ವರ್ಷ ದುಡಿದವರೂ ಮೊನ್ನೆ ಸೇರಿದವರೂ ಆ ಪಟ್ಟಿಯಲ್ಲಿ ಒಂದೇ.

ಪಿ.ಎಫ್. ವಿಷಯದಲ್ಲಿ ಕಾನೂನು ಹೆಚ್ಚು ಗಟ್ಟಿಯಾಗಿದೆ. ಹಸ್ತಾಂತರದ ದಿನದವರೆಗೆ ಕಟ್ಟದೆ ಉಳಿದ ವಂತಿಗೆಗೆ ಹಳೆಯವನೂ ಹೊಸಬನೂ ಜೊತೆಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಎಂದು 1952ರ ಪಿ.ಎಫ್. ಕಾಯ್ದೆಯ 17ಬಿ ಕಲಮು ಹೇಳಿತ್ತು. ಹೊಸಬನ ಹೊಣೆ ಅವನು ಪಡೆದ ಆಸ್ತಿಯ ಮೌಲ್ಯಕ್ಕೆ ಸೀಮಿತ. ಮಾರಾಟದ ಸುದ್ದಿ ಬಂದ ಕೂಡಲೇ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳ ಹಣ ಬಿದ್ದಿದೆಯೋ ನೋಡಿ, ಪುಟಗಳ ಪ್ರತಿ ಇಟ್ಟುಕೊಳ್ಳಿ. ಕಂಪನಿ ದಿವಾಳಿಯಾಗಿ ಆಸ್ತಿ ಹರಾಜಾಗುವ ಸಂದರ್ಭದಲ್ಲಿ, ದಿವಾಳಿ ಸಂಹಿತೆಯ 53ನೆಯ ಕಲಮಿನಂತೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡವು ಹಿಡಿದ ಬ್ಯಾಂಕಿನ ಸಾಲದ ಸಮಾನ ಸ್ಥಾನವಿದೆ. ಪಿ.ಎಫ್., ಗ್ರಾಚ್ಯುಟಿ ನಿಧಿಗಳು ಹರಾಜಿನ ಆಸ್ತಿಯಲ್ಲಿ ಸೇರುವುದೇ ಇಲ್ಲ. ಆದರೆ ನಿಗದಿಯಾದ ಅವಧಿಯೊಳಗೆ ಬಾಕಿಯ ಬೇಡಿಕೆಯನ್ನು ಸಲ್ಲಿಸಬೇಕು, ತಾನಾಗಿ ಯಾರೂ ಮನೆಗೆ ತಂದು ಕೊಡುವುದಿಲ್ಲ.

ಇಲ್ಲಿರುವ ಬಹುತೇಕ ಮನೆಗಳಲ್ಲಿ ಗಲ್ಫಿನಲ್ಲಿ ದುಡಿಯುವವರು ಒಬ್ಬರಾದರೂ ಇದ್ದಾರೆ, ಅವರಿಗಾಗಿ ಎರಡು ಮಾತು. ಸೌದಿಯ ಕಾರ್ಮಿಕ ಕಾನೂನಿನ 18ನೆಯ ವಿಧಿಯಂತೆ ಸಂಸ್ಥೆಯ ಒಡೆತನ ಬದಲಾದರೂ ಕೆಲಸದ ಕರಾರು ಜಾರಿಯಲ್ಲಿರುತ್ತದೆ, ಸೇವೆ ನಿರಂತರವೆಂದೇ ಲೆಕ್ಕ, ಹಿಂದಿನ ಬಾಕಿಗೆ ಹಳೆಯ ಮತ್ತು ಹೊಸ ಮಾಲೀಕರಿಬ್ಬರೂ ಹೊಣೆ. ಯು.ಎ.ಇ.ಯ 2021ರ ಕಾನೂನೂ ಕರಾರುಗಳು ಹೊಸ ಮಾಲೀಕನ ಮೇಲೆ ಮುಂದುವರಿಯುತ್ತವೆ ಎನ್ನುತ್ತದೆ. ವರ್ಷಗಳು ಜೊತೆಯಲ್ಲಿ ಹೋಗಲೇಬೇಕು ಎಂಬ ಈ ಮೂಲಗೇಣಿಯ ರೀತಿ ನಮ್ಮ ಕಾನೂನಿಗಿಂತ ಸರಳ ಎಂದು ನನಗನಿಸುತ್ತದೆ. ಅಲ್ಲಿರುವ ನಿಮ್ಮ ಮಕ್ಕಳಿಗೆ, ಹಳೆಯ ಕಂಪನಿಯ ಲೆಕ್ಕ ಮುಗಿಸುವ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ ಎಂದು ಇಂದೇ ಫೋನಿನಲ್ಲಿ ಹೇಳಿ.

ಕೊನೆಯದಾಗಿ ಭಾಷೆಯ ವಿಷಯ. ಮಲಯಾಳವೋ ಇಂಗ್ಲಿಷೋ ಬಾರದೆ ಲೇಬರ್ ಆಫೀಸಿಗೆ ಹೇಗೆ ಹೋಗುವುದು ಎಂದು ಹಿಂಜರಿದು ಕಾಲಾವಧಿ ದಾಟಿಸಿಕೊಂಡವರನ್ನು ನಾನು ಬಹಳ ಮಂದಿಯನ್ನು ನೋಡಿದ್ದೇನೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದು ಎಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು ಹೇಳುತ್ತದೆ. ಆದ್ದರಿಂದ ಜಿಲ್ಲಾ ಲೇಬರ್ ಆಫೀಸರರಿಗೆ ಕನ್ನಡದಲ್ಲಿಯೇ ಬರೆಯಿರಿ. ಕೆಲಸದಿಂದ ತೆಗೆದ ವಿವಾದವನ್ನು ಎತ್ತಲು ಹೊಸ ಸಂಹಿತೆಯಲ್ಲಿ ಎರಡು ವರ್ಷದ ಮಿತಿಯಿದೆ, ಹಳೆಯದರಲ್ಲಿ ಮೂರಿತ್ತು. ತಡಮಾಡಲು ಈಗ ಮೊದಲಿನಷ್ಟು ಸಮಯವಿಲ್ಲ.

ಪತ್ರದಲ್ಲಿ ದೊಡ್ಡ ಮಾತುಗಳು ಬೇಕಾಗಿಲ್ಲ. ಹೆಸರು, ಸೇರಿದ ತಾರೀಕು, ಈಗಿನ ಸಂಬಳ, ಮಾರಾಟದ ವಿಷಯ ತಿಳಿದ ದಿನ ಬರೆಯಿರಿ. ಆಮೇಲೆ ಹೀಗೆ ಕೇಳಿ: 'ಹಸ್ತಾಂತರದ ನಂತರ ನನ್ನ ಹಿಂದಿನ ಸೇವೆಯು ನಿರಂತರವೆಂದು ಪರಿಗಣಿಸಲ್ಪಡುತ್ತದೆಯೇ, ನನ್ನ ಸಂಬಳ ಮತ್ತು ಷರತ್ತುಗಳು ಹಾಗೆಯೇ ಮುಂದುವರಿಯುತ್ತವೆಯೇ, ಮುಂದಿನ ಪರಿಹಾರದ ಹೊಣೆಯನ್ನು ಹೊಸ ಮಾಲೀಕರು ಒಪ್ಪಿದ್ದಾರೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು, ಇಲ್ಲವಾದಲ್ಲಿ ಕಾನೂನಿನಂತೆ ನೋಟೀಸು ಮತ್ತು ಪರಿಹಾರ ಕೊಡಬೇಕು.' ಹಣ ಕಡಿಮೆ ಕೊಟ್ಟು ಸಹಿ ಕೇಳಿದರೆ, ಸಹಿಯ ಮೇಲೆ ನಿಮ್ಮ ಕೈಬರಹದಲ್ಲಿ 'ನನ್ನ ಉಳಿದ ಹಕ್ಕುಗಳಿಗೆ ಬಾಧೆಯಿಲ್ಲದಂತೆ ಪಡೆದಿದ್ದೇನೆ' ಎಂದು ಕನ್ನಡದಲ್ಲಿ ಬರೆದು ತಾರೀಕು ಹಾಕಿ. ಪತ್ರದ ಒಂದು ಪ್ರತಿ ಹಳೆಯ ಮಾಲೀಕರಿಗೆ, ಒಂದು ಹೊಸಬರಿಗೆ, ಒಂದು ಲೇಬರ್ ಆಫೀಸಿಗೆ. ಆಫೀಸಿನ ಮೊಹರು ಬಿದ್ದ ನಾಲ್ಕನೆಯ ಪ್ರತಿ ನಿಮ್ಮ ಮನೆಯಲ್ಲಿ, ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇರಲಿ.